ಸಾವಿಗಂಜದ ಸೆನೆಕ

ಮೊಳಕಾಲ್ಮೂರಿನ ಮಗ್ಗದ ಮನೆಯಲ್ಲಿ ಹುಟ್ಟಿದ ನನಗೆ ರೋಮಿನ ದಾರ್ಶನಿಕನ ಗೊಡವೆ ಏಕೆಂದು ವಾಚಕರು ಕೇಳಬಹುದು. 1947ರಲ್ಲಿ ವೀಲರ್ ಸಾಹೇಬರು ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಪ್ರಾಚೀನರ ಕಲ್ಲುಗೋರಿಗಳನ್ನು ಅಗೆಸಿ ನೋಡಿದರು. ಅದೇ ವರ್ಷ ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಅವರಿಗೆ ತಿಬೇರಿಯಸ್ ಚಕ್ರವರ್ತಿಯ ಬೆಳ್ಳಿಯ ನಾಣ್ಯವೊಂದು ದೊರೆಯಿತು. ಆ ಚಕ್ರವರ್ತಿಯ ಕಾಲದಲ್ಲಿ ಸೆನೆಕ ತರುಣನಾಗಿದ್ದನು. ನಾನು ಅವನನ್ನು ಓದತೊಡಗಿದ್ದು ಮಾತ್ರ ನನ್ನ ತಂದೆಯವರ ಗೂರಲಿನ ದೆಸೆಯಿಂದ. ರಾತ್ರಿ ಅವರಿಗೆ ಉಸಿರು ಕಟ್ಟಿದಾಗ ದೀಪ ಹಚ್ಚಿಕೊಂಡು ಪಕ್ಕದಲ್ಲಿ ಕುಳಿತಿರುವುದಷ್ಟೇ ನನ್ನಿಂದ ಆಗುತ್ತಿದ್ದುದು. ಹೆದರುತ್ತಿದ್ದವನು ನಾನು, ಅವರಲ್ಲ.

ಸೆನೆಕನಿಗೂ ಇದೇ ರೋಗ. ಕ್ರಿಸ್ತಪೂರ್ವ 4ರ ಸುಮಾರಿಗೆ ಸ್ಪೇನಿನ ಕೊರ್ದೊಬದಲ್ಲಿ ಹುಟ್ಟಿ ರೋಮಿನಲ್ಲಿ ಬೆಳೆದ ಅವನು, ತಾರುಣ್ಯದಲ್ಲಿ ಬೇನೆ ತಾಳಲಾರದೆ ಪ್ರಾಣವನ್ನೇ ನೀಗಲು ಯೋಚಿಸಿದ್ದನಂತೆ. ಮುದಿತಂದೆ ಈ ದುಃಖವನ್ನು ಸಹಿಸಲಾರನೆಂದು ಆ ಯೋಚನೆಯನ್ನು ಕೈಬಿಟ್ಟನು. ಅತ್ತಲಸನೆಂಬ ಗುರುವಿನಿಂದ ಅವನು ಸ್ಟೋಯಿಕ್ ದರ್ಶನವನ್ನು ಕಲಿತನು. ದೇಹ, ಐಶ್ವರ್ಯ, ಆಯುಷ್ಯ ನಮ್ಮ ವಶದಲ್ಲಿಲ್ಲ. ಅವುಗಳ ಬಗೆಗಿನ ನಮ್ಮ ನಿರ್ಣಯ ಮಾತ್ರ ನಮ್ಮದು ಎಂಬುದು ಆ ದರ್ಶನದ ತಿರುಳು.

ಕಲಿತಂತೆ ಬಾಳಿದನೆ? ಇಲ್ಲವೆಂದೇ ಹೇಳಬೇಕು. ಕ್ರಿ.ಶ. 41ರಿಂದ 49ರವರೆಗೆ ಕಾರ್ಸಿಕ ದ್ವೀಪದಲ್ಲಿ ದೇಶಭ್ರಷ್ಟನಾಗಿದ್ದು, ಬಿಡುಗಡೆಗಾಗಿ ಅರಮನೆಯ ಅಧಿಕಾರಿಯೊಬ್ಬನನ್ನು ಹೊಗಳಿ ಬರೆದನು. ಮರಳಿ ಬಂದು ನೀರೋವಿನ ಗುರುವೂ ಮಂತ್ರಿಯೂ ಆಗಿ ಅಪಾರ ಧನ ಕೂಡಿಸಿದನು. 59ರಲ್ಲಿ ನೀರೋ ತಾಯಿಯನ್ನು ಕೊಲ್ಲಿಸಿದಾಗ ಅದನ್ನು ಸಮರ್ಥಿಸುವ ಓಲೆ ಬರೆದುಕೊಟ್ಟವನೂ ಇವನೇ. ಇದನ್ನು ನಾನು ಮರೆಮಾಚಲಾರೆ.

62ರಲ್ಲಿ ಆಸ್ಥಾನದಿಂದ ಹಿಂದೆ ಸರಿದು ಗೆಳೆಯ ಲುಸಿಲಿಯಸನಿಗೆ ಬರೆದ ಪತ್ರಗಳಲ್ಲಿ 124 ಉಳಿದಿವೆ. ಒಂದರಲ್ಲಿ ತನ್ನ ಉಬ್ಬಸವನ್ನು ವರ್ಣಿಸಿದ್ದಾನೆ. ವೈದ್ಯರು ಅದನ್ನು ಸಾಯುವ ಅಭ್ಯಾಸವೆಂದು ಕರೆಯುತ್ತಿದ್ದರಂತೆ. ಹುಟ್ಟುವ ಮುನ್ನ ನಮಗೆ ಯಾವ ನೋವೂ ಇರಲಿಲ್ಲ, ಸತ್ತ ಮೇಲಿನ ಸ್ಥಿತಿಯೂ ಅದೇ ಎಂದು ಉಸಿರಿಗಾಗಿ ಹೆಣಗುತ್ತಲೇ ಅವನು ಸಮಾಧಾನ ತಂದುಕೊಳ್ಳುತ್ತಿದ್ದನು. ಇದನ್ನು ಓದಿದ ರಾತ್ರಿ ನನಗೂ ಕೊಂಚ ಧೈರ್ಯ ಬಂದಿತು.

65ರಲ್ಲಿ ನೀರೋವಿನ ಕೊಲೆಯ ಸಂಚು ಬಯಲಾಯಿತು. ಸೆನೆಕನೂ ಅದರಲ್ಲಿದ್ದನೆಂಬ ಸಂಶಯದ ಮೇಲೆ ಸಾಯಬೇಕೆಂಬ ಆಜ್ಞೆ ಬಂದಿತು. ಮರಣಶಾಸನ ಬರೆಯಲು ಸೈನ್ಯಾಧಿಕಾರಿ ಬಿಡಲಿಲ್ಲ. ತನ್ನ ಬಾಳಿನ ಮಾದರಿಯನ್ನೇ ಬಿಟ್ಟುಹೋಗುತ್ತೇನೆಂದು ಹೇಳಿ, ಅಳುತ್ತಿದ್ದ ಗೆಳೆಯರನ್ನು ಅವನೇ ಸಂತೈಸಿದನು. ಮರಣವೇನೂ ಸುಲಭವಾಗಿ ಬರಲಿಲ್ಲ. ರಕ್ತನಾಳ ಕೊಯ್ದುಕೊಂಡರೂ ಕೃಶವಾದ ಮುದಿದೇಹದಿಂದ ನೆತ್ತರು ಹರಿಯಲಿಲ್ಲ. ವಿಷವೂ ಏರಲಿಲ್ಲ. ಕೊನೆಗೆ ಸ್ನಾನಗೃಹದ ಹಬೆಯಲ್ಲಿ ಉಸಿರು ಕಟ್ಟಿತು. ಅಷ್ಟು ಹೊತ್ತೂ ಅವನ ಧೃತಿ ಕುಗ್ಗಲಿಲ್ಲ.

ಈ ಚರಿತ್ರೆಯನ್ನು ತಂದೆಯವರಿಗೆ ಹೇಳಿದೆ. ಅವರು ಲಾಳಿಯನ್ನು ನಿಲ್ಲಿಸಿ ಕೇಳಿದ್ದು ಒಂದೇ: ಆತನ ಹೆಂಡತಿಯ ಗತಿ ಏನಾಯಿತು? ಅವಳ ಹೆಸರು ಪೌಲಿನ. ಗಂಡನೊಡನೆ ತಾನೂ ಕೈಯ ನಾಳ ಕೊಯ್ದುಕೊಂಡಿದ್ದಳು. ನೀರೋವಿನ ಅಪ್ಪಣೆಯಂತೆ ಗಾಯ ಕಟ್ಟಿ ಬದುಕಿಸಿದರು. ಬಿಳಿಚಿಕೊಂಡ ಮುಖದಲ್ಲಿ, ಗಂಡನ ನೆನಪಿನಲ್ಲಿ, ಇನ್ನೂ ಕೆಲವು ವರ್ಷ ಇದ್ದಳು.