ಬೆರಿಬೆರಿಯ ಬೆನ್ನು ಹತ್ತಿದ ಕೂನೂರಿನ ಡಾಕ್ಟರು

ಕೂನೂರು: ಸಿಮ್ಸ್ ಪಾರ್ಕಿಗೆ ಹೂ ನೋಡಲು ಹೋಗುವವರು ಹತ್ತಿರದಲ್ಲೇ ಇರುವ ಪಾಶ್ಚರ್ ಸಂಸ್ಥೆಯ ಕಟ್ಟಡವನ್ನೂ ನೋಡಿರುತ್ತಾರೆ. ಹುಚ್ಚುನಾಯಿ ಕಡಿತದ ಲಸಿಕೆಯ ಜಾಗ ಅಂತ ನೀಲಗಿರಿಯವರಿಗೆ ಅದು ಗೊತ್ತು. ಆದರೆ 1918ರಲ್ಲಿ ಇದೇ ಸಂಸ್ಥೆಯ ಒಂದೇ ಒಂದು ಕೋಣೆಯಲ್ಲಿ ಪಾರಿವಾಳಗಳನ್ನು ಸಾಕಿಕೊಂಡು, ಕಾಲಿನ ನರಗಳನ್ನು ಕೆಡಿಸುವ ರೋಗವೊಂದರ ಬೆನ್ನು ಹತ್ತಿದ್ದ ಡಾಕ್ಟರೊಬ್ಬರಿದ್ದರು ಎಂಬುದು ಹೆಚ್ಚಿನವರಿಗೆ ತಿಳಿಯದು. ಅವರ ಹೆಸರು ರಾಬರ್ಟ್ ಮೆಕ್ಯಾರಿಸನ್. ರೋಗದ ಹೆಸರು ಬೆರಿಬೆರಿ.

ಈಗಿನ ಮಕ್ಕಳು ಈ ಹೆಸರನ್ನೇ ಕೇಳಿರಲಿಕ್ಕಿಲ್ಲ. ಮೊದಲು ಪಾದ ಜುಮ್ಮೆನ್ನುತ್ತದೆ, ಆಮೇಲೆ ಜೋಮು ಹಿಡಿದಂತಾಗುತ್ತದೆ. ಮೀನಖಂಡ ಹಿಚುಕಿದರೆ ನೋವು. ಕುಕ್ಕರಗಾಲಲ್ಲಿ ಕೂತವರಿಗೆ ಕೈಯೂರದೆ ಏಳಲಾಗದು. ಕೊನೆಗೆ ಪಾದವೇ ಜೋತುಬಿದ್ದು ನೆಲಕ್ಕೆ ಎಳೆಯುತ್ತದೆ. ಕೆಲವರಿಗೆ ಮೈ ಊದಿಕೊಂಡು ಹೃದಯವೇ ಸೋಲುತ್ತದೆ. ತಿಂದ ಅನ್ನದ ಸಕ್ಕರೆಯಿಂದ ಶಕ್ತಿ ತೆಗೆಯಲು ನರಕ್ಕೆ ಥಯಾಮಿನ್ ಎಂಬ ಬಿ-1 ವಿಟಮಿನ್ ಬೇಕು. ಅದು ಸಿಗದಿದ್ದರೆ ಎಲ್ಲಕ್ಕಿಂತ ಉದ್ದದ ನರಗಳು ಮೊದಲು ಸೋಲುತ್ತವೆ. ಕಾಲಿಗೆ ಮೊದಲು ಹೊಡೆತ ಬೀಳುವುದು ಅದಕ್ಕೇ.

ಮೆಕ್ಯಾರಿಸನ್ ಹುಟ್ಟಿದ್ದು 1878ರಲ್ಲಿ, ಐರ್ಲೆಂಡಿನ ಪೋರ್ಟಡೌನ್ ಎಂಬ ಊರಲ್ಲಿ. ಬೆಲ್‌ಫಾಸ್ಟಿನಲ್ಲಿ ಡಾಕ್ಟರಿಕೆ ಓದಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ 1901ರಲ್ಲಿ ಇಲ್ಲಿಗೆ ಹಡಗು ಹತ್ತಿದರು. ಮೊದಲ ಕೆಲಸ ವಾಯವ್ಯದ ಗಡಿಯ ಚಿತ್ರಾಲಿನಲ್ಲಿ, ಸೇನೆಯ ಡಾಕ್ಟರಾಗಿ. ಅಲ್ಲಿಂದ ಗಿಲ್ಗಿಟ್.

ಗಿಲ್ಗಿಟ್ ಕಣಿವೆಯಲ್ಲಿ ಊರಿಗೆ ಊರೇ ಗಳಗಂಡ. ಒಂದೇ ಕಾಲುವೆಯ ನೀರು ಮೇಲಿನ ಹಳ್ಳಿಯಿಂದ ಕೆಳಗಿನ ಹಳ್ಳಿಗೆ ಹರಿಯುತ್ತಿತ್ತು. ಕೆಳಕ್ಕೆ ಹೋದಷ್ಟೂ ಗಳಗಂಡ ಜಾಸ್ತಿ. ನೀರಿನ ಕೊಳೆಯಲ್ಲೇ ರೋಗಾಣು ಇದೆ ಅಂತ ಅವರು ತೀರ್ಮಾನಿಸಿದರು. ಬರೀ ತೀರ್ಮಾನಿಸಿ ಸುಮ್ಮನಾಗಲಿಲ್ಲ. ಸೋಸಿದ ನೀರಿನ ಗಸಿಯನ್ನು ಒಪ್ಪಿದವರಿಗೆ ಕುಡಿಸಿದರು, ತಾವೂ ಕುಡಿದರು, ಕುತ್ತಿಗೆ ಊದಿಸಿಕೊಂಡರು! ಗಳಗಂಡಕ್ಕೆ ಮುಖ್ಯ ಕಾರಣ ಅಯೋಡಿನ್ ಕೊರತೆ ಎಂಬುದು ಆಮೇಲೆ ಗಟ್ಟಿಯಾಯಿತು. ಅಲ್ಲಿಗೆ ಅವರ ಲೆಕ್ಕ ಅರ್ಧ ತಪ್ಪಿತು ಅನ್ನಬೇಕು. ಆದರೆ ಗಳಗಂಡದ ಊರುಗಳಲ್ಲಿ ಹುಟ್ಟುವ ಕುಬ್ಜ, ಮಂದಬುದ್ಧಿಯ ಮಕ್ಕಳಲ್ಲಿ ನರದ ತೊಂದರೆ ಎದ್ದು ಕಾಣುವವರು ಬೇರೆಯೇ ಒಂದು ಗುಂಪು ಅಂತ 1908ರಲ್ಲಿ ಅವರು ಮಾಡಿದ ವಿಂಗಡಣೆ ಇವತ್ತಿಗೂ ಉಳಿದಿದೆ.

ಮೊದಲ ಮಹಾಯುದ್ಧದ ಸೇವೆ ಮುಗಿಸಿ 1918ರಲ್ಲಿ ಕೂನೂರಿಗೆ ಬಂದಾಗ ಸರ್ಕಾರ ವಹಿಸಿದ ಕೆಲಸವೇ ಬೆರಿಬೆರಿ ತನಿಖೆ. ಪೂರ್ತಿ ಹೊಸ ವಿಷಯವೇನೂ ಅಲ್ಲ. ಪಾಲಿಶ್ ಮಾಡಿದ ಅಕ್ಕಿ ತಿಂದ ಕೋಳಿಗಳ ಕಾಲು ಬೀಳುತ್ತದೆ, ತೌಡು ಹಾಕಿದರೆ ಎದ್ದು ಓಡಾಡುತ್ತವೆ ಅಂತ ಜಾವಾ ದ್ವೀಪದಲ್ಲಿ ಡಚ್ಚರ ಡಾಕ್ಟರ್ ಐಕ್ಮನ್ 1890ರ ದಶಕದಲ್ಲೇ ತೋರಿಸಿದ್ದರು. ವಿಟಮಿನ್ ಎಂಬ ಮಾತು 1912ರಲ್ಲಿ ಬಂದಿತ್ತು. ಆದರೂ ಊಟದಲ್ಲಿ ಇಲ್ಲದ ಒಂದು ವಸ್ತುವಿನಿಂದ ರೋಗ ಬರುತ್ತದೆ ಅಂದರೆ ಒಪ್ಪದ ಡಾಕ್ಟರುಗಳು ಆಗ ಬಹಳ ಮಂದಿ ಇದ್ದರು. ರೋಗ ಅಂದ ಮೇಲೆ ಕ್ರಿಮಿಯೋ ವಿಷವೋ ಇರಲೇಬೇಕು ಎನ್ನುವ ಕಾಲ ಅದು.

ಮೆಕ್ಯಾರಿಸನ್ ಪಾರಿವಾಳಗಳಿಗೆ ಬರೀ ಪಾಲಿಶ್ ಅಕ್ಕಿ ಹಾಕಿದರು. ಹಕ್ಕಿಗಳ ಕಾಲು ಸೋತು, ಕುತ್ತಿಗೆ ಹಿಂದಕ್ಕೆ ಸೆಟೆಯಿತು. ಬೇರೆಯವರು ನರ ನೋಡಿ ನಿಲ್ಲಿಸುತ್ತಿದ್ದ ಕಡೆ ಇವರು ನಿಲ್ಲಿಸಲಿಲ್ಲ. ಸತ್ತ ಹಕ್ಕಿಯನ್ನು ಕೊಯ್ದು ಒಂದೊಂದೇ ಅಂಗ ತೂಗಿದರು. ಅಡ್ರಿನಲ್ ಗ್ರಂಥಿ ದಪ್ಪಗಾಗಿತ್ತು, ಥೈಮಸ್ ಕರಗಿತ್ತು, ವೃಷಣ ಕುಗ್ಗಿತ್ತು, ಕರುಳು ಹಾಳಾಗಿತ್ತು. ನರದ ರೋಗ ಅಂತ ಹೆಸರಿದ್ದರೂ ಕೆಟ್ಟದ್ದು ಇಡೀ ಮೈ ಅಂತ ಅವರಿಗೆ ಕಂಡಿತು. 1921ರಲ್ಲಿ ಇದೆಲ್ಲ ಪುಸ್ತಕವಾಗಿ ಬಂತು. 1924ರಲ್ಲಿ ನಾರಿಸ್ ಎಂಬವರ ಜೊತೆ ಸೇರಿ ಭಾರತದಲ್ಲಿ ಅಕ್ಕಿಗೂ ಬೆರಿಬೆರಿಗೂ ಇರುವ ನಂಟಿನ ಮೇಲೆ ಬೇರೆಯೇ ಒಂದು ವರದಿ ಬರೆದರು.

ಅಂದಿನ ಮದರಾಸು ಪ್ರಾಂತದಲ್ಲಿ ಬೆರಿಬೆರಿ ಬೀಡುಬಿಟ್ಟಿದ್ದು ಮುಖ್ಯವಾಗಿ ಈಗಿನ ಆಂಧ್ರದ ಕರಾವಳಿಯಲ್ಲಿ. ಅಲ್ಲಿ ಉಣ್ಣುತ್ತಿದ್ದದ್ದು ಗಿರಣಿಯಲ್ಲಿ ಪಾಲಿಶ್ ಮಾಡಿದ ಬೆಳ್ತಿಗೆ. ಕುಚ್ಚಲಕ್ಕಿ ಉಣ್ಣುವ ಕಡೆ ಈ ಕಾಟ ಇರಲಿಲ್ಲ. ಭತ್ತ ನೆನೆಸಿ ಬೇಯಿಸುವಾಗ ತೌಡಿನ ಬಿ-1 ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ಗಿರಣಿ ಎಷ್ಟು ತಿಕ್ಕಿದರೂ ಒಂದಷ್ಟು ಉಳಿಯುತ್ತದೆ. ಕಾಸರಗೋಡು ಕಡೆಯ ಅಜ್ಜಿಯಂದಿರು ಯಾವ ವಿಟಮಿನ್ ಹೆಸರೂ ಕೇಳದೆ ಕುಚ್ಚಲಕ್ಕಿ ಗಂಜಿಯಲ್ಲಿ ಇದನ್ನೇ ಉಣ್ಣಿಸುತ್ತಿದ್ದರು ನೋಡಿ.

1923ರಲ್ಲಿ ಖರ್ಚು ಕಡಿತದ ಹೆಸರಲ್ಲಿ ಸರ್ಕಾರ ಈ ತನಿಖೆಯನ್ನೇ ನಿಲ್ಲಿಸಿಬಿಟ್ಟಿತು. ಜನ ಕಾಲು ಎಳೆದುಕೊಂಡು ಓಡಾಡುತ್ತಿದ್ದಾಗ ಉಳಿಸಿದ್ದು ಒಂದು ಕೋಣೆಯ ಖರ್ಚು! 1925ರಲ್ಲಿ ಮತ್ತೆ ಶುರುವಾಯಿತು. ಕೋಣೆ ಬೆಳೆದು ಪೌಷ್ಟಿಕ ಸಂಶೋಧನಾ ಪ್ರಯೋಗಾಲಯ ಆಯಿತು, ಮೆಕ್ಯಾರಿಸನ್ ಅದರ ನಿರ್ದೇಶಕರಾದರು.

ಅವರು ಹೆಚ್ಚು ಹೆಸರಾಗಿದ್ದು ಆಮೇಲಿನ ಇಲಿ ಪ್ರಯೋಗದಿಂದ. ದೇಶದ ಬೇರೆ ಬೇರೆ ಜನರ ಊಟವನ್ನು ಬೇರೆ ಬೇರೆ ಗುಂಪಿನ ಇಲಿಗಳಿಗೆ ಹಾಕಿ ತೂಕ ನೋಡಿದರು. ಗೋಧಿ ರೊಟ್ಟಿ, ಹಾಲು, ಬೇಳೆ, ತರಕಾರಿಯ ಸಿಖ್ಖರ ತಟ್ಟೆ ಎಲ್ಲಕ್ಕಿಂತ ಮೇಲೆ ನಿಂತಿತು. ಮದರಾಸಿನ ಅಕ್ಕಿ ತಟ್ಟೆ ಎಲ್ಲಕ್ಕಿಂತ ಕೆಳಗೆ. ಕನ್ನಡಿಗರ ತಟ್ಟೆ ನಡುವೆಲ್ಲೋ ಬಂತು. ನಮ್ಮನ್ನು ಕೇಳಿದರೆ ಕನ್ನಡಿಗರ ತಟ್ಟೆ ಅಂತ ಒಂದೇ ಇಲ್ಲ. ಜತ್ತ, ಅಕ್ಕಲಕೋಟೆಯಲ್ಲಿ ಜೋಳದ ರೊಟ್ಟಿ, ಹೊಸೂರು, ತಾಳವಾಡಿಯಲ್ಲಿ ರಾಗಿ ಮುದ್ದೆ, ಕಾಸರಗೋಡಿನಲ್ಲಿ ಗಂಜಿ. ಎಲ್ಲಕ್ಕೂ ಸೇರಿಸಿ ಒಂದು ಪಂಜರಕ್ಕೆ ಒಂದು ಹೆಸರು ಹಚ್ಚಿದ್ದು ಅಷ್ಟೇನೂ ಸರಿ ಕಾಣುವುದಿಲ್ಲ. ಗಿಲ್ಗಿಟ್ ಪಕ್ಕದ ಹುಂಜಾ ಜನರ ಆರೋಗ್ಯವನ್ನು ಅವರು ಹೊಗಳಿದ್ದನ್ನೇ ಹಿಡಿದು, ಅಲ್ಲಿ ಯಾರಿಗೂ ಕಾಯಿಲೆಯೇ ಬರುವುದಿಲ್ಲ ಎಂಬಂತೆ ಮುಂದೆ ಕಥೆ ಕಟ್ಟಿದವರೂ ಇದ್ದಾರೆ. ಅದನ್ನು ನಂಬಬೇಕಾಗಿಲ್ಲ.

ಬೆರಿಬೆರಿಯ ಕೊನೆಯ ಗಂಟು ಬಿಚ್ಚಿದ್ದು ಬೇರೆಯವರು. 1926ರಲ್ಲಿ ಜಾವಾದಲ್ಲಿ ಯಾನ್ಸೆನ್ ಮತ್ತು ಡೊನಾತ್ ತೌಡಿನಿಂದ ಬಿ-1 ಅನ್ನು ಹರಳಾಗಿ ತೆಗೆದರು. 1936ರಲ್ಲಿ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿದ ಅಮೆರಿಕದ ರಾಬರ್ಟ್ ವಿಲಿಯಮ್ಸ್ ಹುಟ್ಟಿದ್ದು ನಮ್ಮ ಪಕ್ಕದ ನೆಲ್ಲೂರಿನಲ್ಲಿ, ಮಿಷನರಿಗಳ ಮಗನಾಗಿ. ಇವತ್ತು ಬಿ-1 ಕೊರತೆಯಿಂದ ನರ ಕೆಡುವುದು ಹೆಚ್ಚಾಗಿ ವಿಪರೀತ ಕುಡಿಯುವವರಲ್ಲಿ, ಬಸುರಿಯಲ್ಲಿ ನಿಲ್ಲದ ವಾಂತಿ ಇರುವವರಲ್ಲಿ. ಪಾದ ಜೋಮು ಹಿಡಿಯಲು ಸಕ್ಕರೆ ಕಾಯಿಲೆಯೂ ಕಾರಣ ಇರಬಹುದು. ಹಾಗಾಗಿ ಅಂಗಡಿಯ ಗುಳಿಗೆ ನುಂಗಿ ಕೂರದೆ ಡಾಕ್ಟರಿಗೆ ತೋರಿಸುವುದು ಒಳ್ಳೆಯದು.

ಮೆಕ್ಯಾರಿಸನ್‌ಗೆ 1933ರಲ್ಲಿ ಸರ್ ಪದವಿ ಬಂತು. 1935ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಹೋದರು. ಕೂನೂರಿನ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಹೋಯಿತು, ಈಗಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆ ಅದೇ. ಅದಾಗಿ ಎರಡು ವರ್ಷಕ್ಕೆ, 1960ರಲ್ಲಿ, ಅವರು ಆಕ್ಸ್‌ಫರ್ಡಿನಲ್ಲಿ ತೀರಿಕೊಂಡರು.