ಮಡದಿಯ ನುಡಿಗೆ ಕಿವಿಗೊಟ್ಟ ಆಯ್ದಕ್ಕಿ ಮಾರಯ್ಯನವರು

ರಾಯದುರ್ಗ, ಮಡಕಶಿರಾ ಭಾಗದ ಶರಣಬಂಧುಗಳೇ, ಕಣದಲ್ಲಿ ರಾಶಿ ಅಳೆಯುವ, ಅಂಗಡಿಯಲ್ಲಿ ತಕ್ಕಡಿ ಹಿಡಿಯುವ ನಾವು ನೆನೆಯಬೇಕಾದ ದಂಪತಿಗಳು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರು. 12ನೆಯ ಶತಮಾನದಲ್ಲಿ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದೇ ಮಾರಯ್ಯನವರ ಕಾಯಕ.

ಒಂದು ದಿನ ಅಕ್ಕಿ ಹೆಚ್ಚಾಗಿ ತಂದರು. ಮರಳಿಸಿ ಬರಲು ಲಕ್ಕಮ್ಮ ತಾಯಿ ಹೇಳಿದರು. ಮಾರಯ್ಯನವರು ಮುನಿಯಲಿಲ್ಲ, ಸುರಿದು ಬಂದರು. ಮುಂದೆ ಮಡದಿಯನ್ನೇ ಅರಿವಿನ ದಾರಿ ಕೇಳಿದರೆಂದು ಶೂನ್ಯಸಂಪಾದನೆ ತಿಳಿಸುತ್ತದೆ. ಆ ತಾಯಿಯ ಸುಮಾರು 25 ವಚನಗಳು ನಮಗೆ ದೊರೆತಿವೆ. ಕೇಳಿಸಿಕೊಂಡ ಗಂಡನ ಹೆಸರು ಅವುಗಳ ಅಂಕಿತದಲ್ಲಿಯೇ ಇದೆ: ಮಾರಯ್ಯಪ್ರಿಯ ಅಮರೇಶ್ವರಲಿಂಗ.

ನಮ್ಮ ಮನೆಯ ಹೆಣ್ಣುಮಕ್ಕಳು ಹಾಡಿದರೆ, ಬರೆದರೆ, ನಾವು ಕಿವಿಗೊಡುತ್ತೇವೆಯೇ? ಕೇಳಿಕೊಳ್ಳೋಣ.