ಡಿಸ್ಟ್ರಾಯರ್ ಜಾನ್‌ಸ್ಟನ್ ಮತ್ತು ಅದರ ಕಮಾಂಡರ್ ಇವಾನ್ಸ್

ಅರ್ನೆಸ್ಟ್ ಇವಾನ್ಸ್ ಹುಟ್ಟಿದ್ದು 1908ರಲ್ಲಿ, ಅಮೆರಿಕದ ಒಕ್ಲಹೋಮಾ ರಾಜ್ಯದಲ್ಲಿ. ಚೆರೋಕಿ ಮತ್ತು ಕ್ರೀಕ್ ಮೂಲನಿವಾಸಿಗಳ ಮನೆತನ. 1931ರಲ್ಲಿ ಅನಾಪೊಲಿಸ್‌ನ ನೌಕಾ ಅಕಾಡೆಮಿಯಿಂದ ಪದವಿ ಪಡೆದರು. 1942ರಲ್ಲಿ ಜಾವಾ ಸಮುದ್ರದ ಕದನದಲ್ಲಿ ಮಿತ್ರಪಕ್ಷದ ಪಡೆ ಸೋತಾಗ ಅವರು ಆಲ್ಡನ್ ಎಂಬ ಹಳೆಯ ಡಿಸ್ಟ್ರಾಯರ್‌ನಲ್ಲಿದ್ದರು. ಮರುವರ್ಷ ಅಕ್ಟೋಬರ್ 27ರಂದು ಹೊಸ ಹಡಗು ಜಾನ್‌ಸ್ಟನ್ ಅವರ ಕೈಗೆ ಬಂತು. ತಾನು ಅಪಾಯವಿರುವ ಕಡೆಗೇ ಹೋಗುವವನು, ಬೇಡವೆನ್ನುವವರು ಈಗಲೇ ಇಳಿಯಬಹುದು ಎಂದು ಅಂದೇ ಸಿಬ್ಬಂದಿಗೆ ತಿಳಿಸಿದರು.

ಆ ಹಡಗಿನಲ್ಲಿ 127 ಮಿ.ಮೀ. ವ್ಯಾಸದ 5 ಫಿರಂಗಿಗಳಿದ್ದವು. ಅವನ್ನು ಆಕಾಶಕ್ಕೂ ಎತ್ತಬಹುದು, ಎದುರಿನ ಹಡಗಿಗೂ ತಿರುಗಿಸಬಹುದು. ಹತ್ತಿರ ಬಂದ ವಿಮಾನಗಳಿಗೆ 40 ಮತ್ತು 20 ಮಿ.ಮೀ. ಗನ್‌ಗಳು ಬೇರೆ. ಹಾರುವ ವಿಮಾನ ಈಗಿರುವ ಕಡೆ ಗುರಿಯಿಟ್ಟರೆ ಶೆಲ್ ತಗಲುವುದಿಲ್ಲ. ಶೆಲ್ ತಲುಪುವ ಹೊತ್ತಿಗೆ ಅದು ಎಲ್ಲಿರುತ್ತದೋ ಅಲ್ಲಿಗೆ ಇಡಬೇಕು. ದೂರವನ್ನು ರೇಡಾರ್ ಹೇಳುತ್ತಿತ್ತು, ಉಳಿದ ಲೆಕ್ಕವನ್ನು ಹಡಗಿನ ಒಳಗಿದ್ದ ಗಿಯರ್‌ಗಳ ಗಣಕಯಂತ್ರ ಮಾಡುತ್ತಿತ್ತು. ನಾವು ಪ್ರೊಜೆಕ್ಟೈಲ್ ಪಾಠದಲ್ಲಿ ಅರ್ಧ ಪುಟ ಬರೆದು ತಪ್ಪುವ ಲೆಕ್ಕ, ಅದೂ ಓಲಾಡುವ ಹಡಗಿನ ಮೇಲೆ!

1944ರ ಅಕ್ಟೋಬರ್ 25ರ ಬೆಳಿಗ್ಗೆ ಜಾನ್‌ಸ್ಟನ್ ಫಿಲಿಪೈನ್ಸ್‌ನ ಸಮರ್ ದ್ವೀಪದ ಬಳಿ 6 ಚಿಕ್ಕ ವಿಮಾನವಾಹಕ ಹಡಗುಗಳ ಕಾವಲಿನಲ್ಲಿತ್ತು. ಎದುರಾದದ್ದು ವಿಮಾನಗಳಲ್ಲ, ಯಮಾಟೊ ಸೇರಿದಂತೆ 4 ಬ್ಯಾಟಲ್‌ಶಿಪ್‌ಗಳಿದ್ದ ಜಪಾನಿನ ನೌಕಾಪಡೆ. ಯಮಾಟೊದ ಒಂದು ಶೆಲ್ ಸುಮಾರು 1,460 ಕಿಲೊ. ಇವರದು 25 ಕಿಲೊ. ಇವಾನ್ಸ್ ಆಜ್ಞೆಗೆ ಕಾಯಲಿಲ್ಲ. ಹೊಗೆಯ ಪರದೆ ಹಬ್ಬಿಸಿ ಮುನ್ನುಗ್ಗಿದರು. 5 ನಿಮಿಷದಲ್ಲಿ 200ಕ್ಕೂ ಹೆಚ್ಚು ಶೆಲ್ ಸಿಡಿಸಿ, ಇದ್ದ 10 ಟಾರ್ಪೆಡೊಗಳನ್ನೂ ಬಿಟ್ಟರು. ಕುಮಾನೊ ಎಂಬ ಕ್ರೂಸರ್‌ನ ಮುಂಭಾಗ ಒಡೆಯಿತು.

ಸ್ವಲ್ಪ ಹೊತ್ತಿನಲ್ಲೇ ಜಾನ್‌ಸ್ಟನ್‌ಗೂ ಏಟು ಬಿತ್ತು. ಹಿಂಭಾಗದ 3 ಫಿರಂಗಿಗಳಿಗೆ ವಿದ್ಯುತ್ ನಿಂತಿತು, ಇವಾನ್ಸ್ ಅವರ ಎಡಗೈಯ 2 ಬೆರಳು ಹೋದವು. ಟಾರ್ಪೆಡೊ ಮುಗಿದಿತ್ತು, ಹಿಂದೆ ಉಳಿದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಉಳಿದ ಡಿಸ್ಟ್ರಾಯರ್‌ಗಳು ದಾಳಿಗೆ ಹೊರಟಾಗ, ಫಿರಂಗಿಯಿಂದಲಾದರೂ ಅವಕ್ಕೆ ನೆರವಾಗಲೆಂದು ಹಡಗನ್ನು ಮತ್ತೆ ತಿರುಗಿಸಿದರು. ನನಗೆ ಮೊದಲ ದಾಳಿಗಿಂತ ಇದೇ ದೊಡ್ಡದೆನಿಸುತ್ತದೆ. ಕೊನೆಗೆ ಹಡಗಿನ ಹಿಂಭಾಗದಲ್ಲಿ ನಿಂತು ಅವರು ಕೂಗಿ ಆಜ್ಞೆ ಕೊಡುತ್ತಿದ್ದರು, ಕೆಳಗೆ ನಾವಿಕರು ಚುಕ್ಕಾಣಿಯನ್ನು ಕೈಯಿಂದಲೇ ತಿರುಗಿಸುತ್ತಿದ್ದರು.

10 ಗಂಟೆ 10 ನಿಮಿಷಕ್ಕೆ ಜಾನ್‌ಸ್ಟನ್ ಮುಳುಗಿತು. 327 ಜನರಲ್ಲಿ 186 ಮಂದಿ ಮರಳಲಿಲ್ಲ, ಇವಾನ್ಸ್ ಕೂಡ. ಅಷ್ಟರಲ್ಲಿ ಜಪಾನಿನ ಪಡೆ ಹಿಂದೆ ಸರಿಯತೊಡಗಿತ್ತು. ಅದರ ಫಿರಂಗಿಗಳಿಗೆ ಬಲಿಯಾದ ವಿಮಾನವಾಹಕ ಒಂದೇ. ಅಮೆರಿಕ ಇವಾನ್ಸ್ ಅವರಿಗೆ ಮರಣೋತ್ತರವಾಗಿ ತನ್ನ ಅತ್ಯುನ್ನತ ಸೇನಾ ಗೌರವವಾದ ಮೆಡಲ್ ಆಫ್ ಆನರ್ ನೀಡಿತು.

2021ರಲ್ಲಿ ಜಲಾಂತರ್ಗಾಮಿಯೊಂದು 6,400 ಮೀಟರಿಗೂ ಹೆಚ್ಚು ಆಳಕ್ಕಿಳಿದು ಆ ಹಡಗನ್ನು ನೋಡಿ ಬಂತು. ಮುಂಭಾಗದ 557 ಎಂಬ ಸಂಖ್ಯೆಯನ್ನು ಇನ್ನೂ ಓದಬಹುದು. ಮುಂದಿನ 2 ಫಿರಂಗಿಗಳು ತಮ್ಮ ಜಾಗದಲ್ಲೇ ಇವೆ.